ಕಾರಿಗೂ ಒಂದು ಚಂದಾ

ಚಂದಾ ಎಂಬ ಮಾತಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಮಮತೆ. ನಮ್ಮ ತವರಿನಲ್ಲಿ ಕೈ ಬಿಗಿಯಾಗಿದ್ದ ವರ್ಷಗಳಲ್ಲೂ ವಾರಪತ್ರಿಕೆಯ ಚಂದಾ ಮಾತ್ರ ತಪ್ಪುತ್ತಿರಲಿಲ್ಲ. ಅಪ್ಪ ಜನವರಿಯಲ್ಲಿ ಒಂದು ಮನಿಯಾರ್ಡರ್ ಕಳಿಸಿದರೆ ವರ್ಷವಿಡೀ ಪೋಸ್ಟ್‌ಮ್ಯಾನ್ ನಮ್ಮ ಅಂಗಳಕ್ಕೆ ಬರುತ್ತಿದ್ದ. ಹಣ ಹೋಗುತ್ತಿದ್ದುದು ಒಂದೇ ಸಲ, ಹೊಸದು ಬರುತ್ತಿದ್ದುದು ಐವತ್ತೆರಡು ಸಲ! ಯಾವುದೋ ವರ್ಷ ಚಂದಾ ಕಟ್ಟಲಾಗದಿದ್ದರೆ ಪತ್ರಿಕೆ ಬರುವುದು ನಿಲ್ಲುತ್ತಿತ್ತು, ಅಷ್ಟೆ. ಅಟ್ಟದ ಮೇಲೆ ಕಟ್ಟಿಟ್ಟ ಹಳೆಯ ಸಂಚಿಕೆಗಳನ್ನು ಯಾರೂ ಬಂದು ಹೊತ್ತುಕೊಂಡು ಹೋಗುತ್ತಿರಲಿಲ್ಲ.

ಈಗ ನಮ್ಮ ಕಾರಿಗೂ ಚಂದಾ ಕಟ್ಟಬೇಕಂತೆ. ಕಾರು ಕೊಂಡು ಮೂರು ವರ್ಷವಾಯಿತು. ‘ನಿಮ್ಮ ಕಾರಿನ ಸಂಪರ್ಕ ಸೇವೆಯ ಉಚಿತ ಅವಧಿ ಮುಗಿಯುತ್ತಿದೆ, ಮುಂದುವರಿಸಬೇಕಾದರೆ ಹಣ ತುಂಬಿ’ ಎಂದು ಕಂಪನಿಯವರ ಸಂದೇಶ ಬಂತು. ವರ್ಷಕ್ಕೆ ಎರಡು ಸಾವಿರದ ಚಿಲ್ಲರೆ. ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು. “ಅಲ್ವೇ, ಸಾಲ ತೀರಿಸಿ ಆಯ್ತು, ಆರ್.ಸಿ. ನಮ್ಮ ಹೆಸರಿಗೇ ಇದೆ. ಇನ್ನೂ ಏನು ಬಾಕಿ?” ಎಂದರು. ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಬಾಕಿ ವಸೂಲಿ ನೋಡಿ ನಿವೃತ್ತರಾದ ಮನುಷ್ಯ. ಬಾಕಿ ಎಂದರೆ ಅವರಿಗೆ ಕಿವಿ ನೆಟ್ಟಗಾಗುತ್ತದೆ. ನಾನು ಅವರ ಪ್ರಶ್ನೆಗೆ ಆಗ ಉತ್ತರ ಹೇಳಲಿಲ್ಲ. ಆಮೇಲೆ ಮಾತ್ರ ತರಗತಿಯಲ್ಲಿ, ಅಡಿಗೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅದನ್ನೇ ಮಗುಚಿ ಮಗುಚಿ ನೋಡಿದೆ.

ಸಂಗತಿ ಇಷ್ಟೆ. ಈಚಿನ ಅನೇಕ ಕಾರುಗಳ ಒಳಗೆ, ನಮ್ಮ ಕೈಗೆ ಸಿಗದ ಜಾಗದಲ್ಲಿ, ಮೊಬೈಲಿನಲ್ಲಿರುವಂಥದೇ ಒಂದು ಸಿಮ್ ಇರುತ್ತದೆ. ಉಪಗ್ರಹಗಳ ಸಂಕೇತ ಹಿಡಿದು ಕಾರು ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಆ ಲೆಕ್ಕವನ್ನೂ ತನ್ನ ವೇಗ, ಎಣ್ಣೆಯ ಮಟ್ಟ, ಬಾಗಿಲು ಹಾಕಿದೆಯೋ ಇಲ್ಲವೋ ಎಂಬ ವರ್ತಮಾನವನ್ನೂ ಆ ಸಿಮ್ಮಿನ ಮೂಲಕ ಕಂಪನಿಯ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಅಲ್ಲಿಂದ ನಮ್ಮ ಮೊಬೈಲಿಗೆ. ಹೀಗಾಗಿ ಜಗಲಿಯಲ್ಲಿ ಕೂತೇ ಕಾರಿಗೆ ಬೀಗ ಹಾಕಬಹುದು, ಎ.ಸಿ. ಹಚ್ಚಬಹುದು, ಅದು ಯಾವ ಬೀದಿಯಲ್ಲಿ ನಿಂತಿದೆಯೆಂದು ನೋಡಬಹುದು. ಇಷ್ಟು ವೇಗ ಮೀರಿದರೆ, ಇಂಥ ಗಡಿ ದಾಟಿದರೆ ತಿಳಿಸು ಎಂದು ಹೇಳಿಟ್ಟರೆ, ತರಗತಿಯ ಮಾನಿಟರ್ ಹುಡುಗನಂತೆ ಚಾಚೂ ತಪ್ಪದೆ ಚಾಡಿ ಹೇಳುತ್ತದೆ. ಒಳಗನ್ನಡಿಯ ಹತ್ತಿರ ಒಂದು ಗುಂಡಿಯಿದೆ. ಆಪತ್ತಿನಲ್ಲಿ ಒತ್ತಿದರೆ ಎಲ್ಲಿಯೋ ಕೂತವರೊಬ್ಬರು ಮಾತಾಡುತ್ತಾರೆ. ಗಾಡಿ ಗುದ್ದಿ ಏರ್‌ಬ್ಯಾಗ್ ಬಿಚ್ಚಿಕೊಂಡರಂತೂ ಯಾರೂ ಒತ್ತದಿದ್ದರೂ ಸುದ್ದಿ ಹೋಗುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಇಂಥದನ್ನು 1996ರಲ್ಲಿಯೇ ಆನ್‌ಸ್ಟಾರ್ ಎಂಬ ಹೆಸರಿನಿಂದ ಆರಂಭಿಸಿತ್ತು. ನಮ್ಮಲ್ಲಿ ಇದು ಜನರ ಬಾಯಿಗೆ ಬಿದ್ದದ್ದು 2019ರಲ್ಲಿ, ಹ್ಯುಂಡೈ ವೆನ್ಯೂ ಮತ್ತು ಎಂ.ಜಿ. ಹೆಕ್ಟರ್ ಕಾರುಗಳು ‘ಇಂಟರ್‌ನೆಟ್ ಕಾರು’ ಎಂಬ ಡಂಗುರದೊಂದಿಗೆ ಬಂದಾಗ.

ಮೊದಲು ಅನುಕೂಲದ ಮಾತು. ಮನೆಯಿಂದಲೇ ಎ.ಸಿ. ಹಚ್ಚಿ ಕಾರನ್ನು ತಂಪು ಮಾಡಿಕೊಳ್ಳುವ ಸೌಭಾಗ್ಯ ನಮ್ಮ ತೀರ್ಥಹಳ್ಳಿಯವರಿಗೆ ಅಷ್ಟಾಗಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಸೀಟಿಗೆ ಬೂಷ್ಟು ಹಿಡಿಯದಿದ್ದರೆ ಅದೇ ದೊಡ್ಡದು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಡಿ ನಿಲ್ಲಿಸುವವರು ಇದಕ್ಕೆ ಬೇರೆಯೇ ಬೆಲೆ ಕಟ್ಟಿಯಾರು. ಅದು ಅವರವರ ಅನುಕೂಲ, ಅವರವರ ಕಿಸೆ. ಅದರಲ್ಲಿ ನೀತಿಯ ಪ್ರಶ್ನೆ ಹುಡುಕುವುದು ಮೇಷ್ಟ್ರಗಿರಿಯ ಅತಿರೇಕವಾದೀತು.

ಆದರೆ ಅನುಕೂಲದೊಳಗೇ ಒಂದು ಎಳೆ ನನ್ನನ್ನು ಕೆಣಕುತ್ತದೆ. ಬಿ.ಎಂ.ಡಬ್ಲ್ಯು. ಕಂಪನಿ 2022ರಲ್ಲಿ ಕೆಲವು ದೇಶಗಳಲ್ಲಿ ಕಾರಿನ ಸೀಟು ಬೆಚ್ಚಗಾಗುವುದಕ್ಕೂ ತಿಂಗಳ ಬಾಡಿಗೆ ಗೊತ್ತುಮಾಡಿತು; ಬ್ರಿಟನ್ನಿನಲ್ಲಿ ತಿಂಗಳಿಗೆ 15 ಪೌಂಡ್. ಸೀಟಿನೊಳಗೆ ಕಾಯಿಸುವ ತಂತಿ ಮೊದಲೇ ಇದೆ. ಕೊಂಡವನು ಅದರ ಭಾರವನ್ನೂ ಹೊತ್ತು ತಿರುಗುತ್ತಿದ್ದಾನೆ. ದುಡ್ಡು ಕೊಟ್ಟರೆ ಕಂಪನಿ ದೂರದಿಂದಲೇ ಬೀಗ ತೆಗೆಯುತ್ತದೆ. ಜನ ಸಿಟ್ಟಾದರು, ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದಕ್ಕಿಂತ, ಹಾಗೆ ಕೇಳಬಹುದೆಂದು ಅದಕ್ಕೆ ಅನ್ನಿಸಿತಲ್ಲ, ಅದು ನನಗೆ ಸೋಜಿಗ. ತೋಟ ಮಾರಿದವನು ಬಾವಿಗೆ ಮಾತ್ರ ಬೀಗ ಜಡಿದು, ‘ನೀರು ನಿಮ್ಮದೇ, ಕೀಲಿ ಮಾತ್ರ ನನ್ನದು, ತಿಂಗಳಿಗಿಷ್ಟು ಕೊಟ್ಟು ಸೇದಿಕೊಳ್ಳಿ’ ಎಂದಂತೆ. ನಮ್ಮ ಕಡೆ ಹಾಗೆ ಹೇಳಿದರೆ ಪಂಚಾಯಿತಿ ಸೇರಿಸುತ್ತಿದ್ದರು.

ನ್ಯಾಯ ಎರಡೂ ಕಡೆ ಇರಬೇಕು. ನಮ್ಮ ಕಾರಿನ ಸಿಮ್ಮಿಗೆ ಕಂಪನಿಯೂ ಯಾರಿಗೋ ಹಣ ಕಟ್ಟಬೇಕು. ಗುಂಡಿ ಒತ್ತಿದಾಗ ಮಾತಾಡಲು ರಾತ್ರಿ ಎರಡು ಗಂಟೆಗೂ ಒಬ್ಬರು ಎಚ್ಚರವಿರಬೇಕು. ಅವರಿಗೆ ಸಂಬಳ ಬೇಡವೇ? ಹಾಲಿನವಳಿಗೆ ತಿಂಗಳ ಲೆಕ್ಕ ಚುಕ್ತಾ ಮಾಡುವಾಗ ‘ನಿನ್ನ ಹಸು ಹೋದ ತಿಂಗಳೂ ಇತ್ತಲ್ಲ’ ಎಂದು ನಾವು ತಗಾದೆ ತೆಗೆಯುವುದಿಲ್ಲ. ದಿನಾ ಬೆಳಿಗ್ಗೆ ಯಾರೋ ದುಡಿಯುತ್ತಿದ್ದರೆ ಕೂಲಿ ಸಲ್ಲಬೇಕು. ಕೂಲಿಗೆ ದುಡ್ಡು ಕೊಡುವುದು ಬೇರೆ, ಬೀಗಕ್ಕೆ ದುಡ್ಡು ಕೊಡುವುದು ಬೇರೆ. ಈ ಚಂದಾದೊಳಗೆ ಎರಡೂ ಕಲಸಿಕೊಂಡಿವೆ. ಎಷ್ಟು ಕೂಲಿ, ಎಷ್ಟು ಬೀಗ ಎಂಬ ಲೆಕ್ಕವನ್ನು ಮಾತ್ರ ಅವರು ಬಿಡಿಸಿ ತೋರಿಸುವುದಿಲ್ಲ.

ಇನ್ನೊಂದು ಮಾತು. ಕಟ್ಟುತ್ತೇನೆಂದು ನಾವು ಸಿದ್ಧರಿದ್ದರೂ ಸೇವೆ ಇರುತ್ತದೆಂಬ ಖಾತರಿ ಇಲ್ಲ. ಅಮೆರಿಕದಲ್ಲಿ 2008ರಲ್ಲಿ ಹಳೆಯ ಅನಲಾಗ್ ಮೊಬೈಲ್ ಜಾಲ ಮುಚ್ಚಿದಾಗ, ಆಮೇಲೆ 2022ರಲ್ಲಿ 3ಜಿ ಜಾಲ ಮುಚ್ಚಿದಾಗ, ಚೆನ್ನಾಗಿಯೇ ಓಡುತ್ತಿದ್ದ ಅನೇಕ ಕಾರುಗಳ ಈ ಬಾಯಿ ಕಟ್ಟಿಹೋಯಿತು. ಚಕ್ರ ಸವೆದದ್ದಲ್ಲ, ಎಂಜಿನ್ ಕೆಟ್ಟದ್ದಲ್ಲ. ಯಾವುದೋ ಊರಿನಲ್ಲಿ ಯಾರೋ ಒಂದು ಜಾಲವನ್ನು ಮುಚ್ಚಿದರು, ಅಷ್ಟೇ. ನಮ್ಮೂರಿನ ಗ್ಯಾರೇಜಿನವನು ಎಂಥ ಗಾಡಿಯನ್ನೂ ಬಿಚ್ಚಿ ಜೋಡಿಸಬಲ್ಲ, ಇದಕ್ಕೆ ಅವನೂ ಕೈ ಚೆಲ್ಲುತ್ತಾನೆ.

ಇದೆಲ್ಲ ಕಿಸೆಯ ಮಾತು. ಜೀವದ ಮಾತು ಬಂದಾಗ ನನ್ನ ಲೆಕ್ಕ ಬೇರೆ.

ಯಜಮಾನರಿಗೆ ಅರವತ್ತಮೂರು. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರಲು ಆಗುಂಬೆ ಘಾಟಿ ಇಳಿದು ಕರಾವಳಿಗೆ ಹೋಗಬೇಕು. ‘ಬಸ್ಸಿಗೆ ಹೋಗಿ’ ಎಂದರೆ ಕೇಳುವವರಲ್ಲ. ನನಗೆ ಶಾಲೆ ಬಿಟ್ಟು ಪ್ರತಿಸಲ ಹೋಗಲಾಗುವುದಿಲ್ಲ. ಹತ್ತನೇ ತರಗತಿಯ ಮಕ್ಕಳನ್ನು ಬಿಟ್ಟು ರಜೆ ಹಾಕುವುದೆಂದರೆ ಮದುವೆಮನೆಯಲ್ಲಿ ಅಡಿಗೆಯವರು ಎದ್ದುಹೋದಂತೆ. ಆ ಹದಿನಾಲ್ಕು ತಿರುವುಗಳಲ್ಲಿ, ಮಂಜು ಕವಿದ ಬೆಳಿಗ್ಗೆ, ಒಬ್ಬರೇ ಕೂತ ಮನುಷ್ಯನ ಎದೆ ಹಿಡಿದುಕೊಂಡರೆ? ಆ ಗುಂಡಿಯ ಬೆಲೆಯನ್ನು ನಾನು ಎರಡು ಸಾವಿರದಲ್ಲಿ ಅಳೆಯಲೇ? ಇಪ್ಪತ್ತು ಸಾವಿರವಾದರೂ ಸಾಲ ಮಾಡಿ ಕಟ್ಟಿಯೇನು. ಕಂಪನಿಯವರಿಗೂ ಇದು ಗೊತ್ತು. ಗೊತ್ತಿರುವುದೇ ತೊಡಕು.

2023ರ ಫೆಬ್ರವರಿಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಲಿಬರ್ಟಿವಿಲ್ ಎಂಬಲ್ಲಿ ಕಳ್ಳರು ಒಬ್ಬ ತಾಯಿಯಿಂದ ಫೋಕ್ಸ್‌ವ್ಯಾಗನ್ ಕಾರನ್ನು ಕಸಿದುಕೊಂಡು ಓಡಿದರು. ಒಳಗೆ ಅವಳ ಎರಡು ವರ್ಷದ ಮಗುವಿತ್ತು. ತಡೆಯಹೋದ ತಾಯಿ ತೀವ್ರವಾಗಿ ಗಾಯಗೊಂಡಳು. ಪೊಲೀಸರು ಕಾರಿನ ಸೇವಾಕೇಂದ್ರಕ್ಕೆ ಫೋನು ಮಾಡಿ ಕಾರು ಎಲ್ಲಿದೆ ಹೇಳಿ ಎಂದರು. ‘ಉಚಿತ ಅವಧಿ ಮುಗಿದಿದೆ, 150 ಡಾಲರ್ ಕಟ್ಟಿದರೆ ಮಾತ್ರ’ ಎಂಬ ಉತ್ತರ ಬಂತು. ಪೊಲೀಸರು ಕಾರ್ಡು ಹುಡುಕಿ ಹಣ ಕಟ್ಟುವಷ್ಟರಲ್ಲಿ ಅದೃಷ್ಟಕ್ಕೆ ಮಗು ಬೇರೆ ದಾರಿಯಿಂದ ಸುರಕ್ಷಿತವಾಗಿ ಸಿಕ್ಕಿತ್ತು. ಇದು ತಮ್ಮ ಪರವಾಗಿ ಸೇವೆ ನಡೆಸುವವರಿಂದ ಆದ ಗಂಭೀರ ಲೋಪ ಎಂದು ಕಂಪನಿ ಒಪ್ಪಿತು. ಅದೇ ವರ್ಷ ಹಲವು ಮಾದರಿಗಳಿಗೆ ತುರ್ತು ಸೇವೆಯನ್ನು ಐದು ವರ್ಷ ಉಚಿತ ಮಾಡಿತು. ಫೋನಿನ ಆ ತುದಿಯಲ್ಲಿದ್ದ ವ್ಯಕ್ತಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ರಾಕ್ಷಸರಿರಲಾರರು; ಮನೆಯಲ್ಲಿ ಮಕ್ಕಳಿರಬಹುದು. ಎದುರಿನ ಪರದೆಯಲ್ಲಿ ‘ಬಾಕಿ’ ಎಂದು ಬರೆದಿತ್ತು, ಅದನ್ನು ಓದಿ ಹೇಳಿದರು. ಚಂದಾ ಮುಗಿದಿದೆ ಎಂಬ ಮಾತನ್ನು ಪತ್ರಿಕೆಗೆ ಹೇಳಬಹುದು, ಮಗುವಿಗೆ ಹೇಳಲಾಗದು ಎಂಬ ವಿವೇಕ ಪರದೆಯಲ್ಲಿ ಇರುವುದಿಲ್ಲ.

ಬೇರೆ ದಾರಿ ಇಲ್ಲವೇ ಎಂದರೆ, ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆಲ್ಲ ‘ಇ-ಕಾಲ್’ ಎಂಬ ವ್ಯವಸ್ಥೆ ಕಡ್ಡಾಯ. ದೊಡ್ಡ ಅಪಘಾತವಾದರೆ ಕಾರು ತಾನೇ 112ಕ್ಕೆ ಕರೆಮಾಡಿ ಜಾಗ ತಿಳಿಸುತ್ತದೆ. ಚಂದಾ ಇಲ್ಲ. ಇನ್ನೂ ಮುಖ್ಯವಾದದ್ದು, ಉಳಿದ ಹೊತ್ತಿನಲ್ಲಿ ಅದು ಮಲಗಿರುತ್ತದೆ. ಯಾರು ಎಲ್ಲಿಗೆ ಹೋದರೆಂದು ಬರೆದಿಡುವುದಿಲ್ಲ. ಕಾಯುವುದನ್ನೂ ಕಾವಲಿಡುವುದನ್ನೂ ಬೇರೆ ಬೇರೆ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ರಾಜ್ಯದಲ್ಲೂ 2008ರ ನವೆಂಬರಿನಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಆಂಬುಲೆನ್ಸ್ ಆರಂಭವಾದಾಗ ಯಾರೂ ‘ನಿಮ್ಮ ಚಂದಾ ಸಂಖ್ಯೆ ಹೇಳಿ’ ಎಂದು ಕೇಳಲಿಲ್ಲ. ಅದರ ಗೋಳುಗಳು ನಮಗೆಲ್ಲ ಗೊತ್ತು, ತಡವಾಗಿ ಬಂದದ್ದೂ ಉಂಟು. ಆದರೂ ಕರೆದವನ ಕಿಸೆ ನೋಡಿ ಬರುವ ಗಾಡಿ ಅದಲ್ಲ.

ಘಾಟಿಯ ನಿಜವನ್ನೂ ಹೇಳಿಬಿಡಬೇಕು. ಆ ತಿರುವುಗಳಲ್ಲಿ ನಮ್ಮ ಮೊಬೈಲು ಎಷ್ಟೋ ಸಲ ಸತ್ತು ಮಲಗುತ್ತದೆ. ಟವರ್ ಸಿಗದ ಕಡೆ ಕಾರಿನ ಸಿಮ್ ಮಾತ್ರ ಯಾವ ದೇವಲೋಕದೊಂದಿಗೆ ಮಾತಾಡೀತು? ಅಲ್ಲಿ ನಿಜವಾಗಿ ಒದಗುವವರು ಮಿನಿಬಸ್ಸಿನ ಡ್ರೈವರುಗಳು, ಸೂರ್ಯಾಸ್ತ ನೋಡಲು ಬಂದ ಹುಡುಗರು, ಚಹಾ ಅಂಗಡಿಯವರು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನನ್ನು ಕೋರ್ಟು ಕಚೇರಿ ಅಲೆಸಬಾರದೆಂದು ಸುಪ್ರೀಂ ಕೋರ್ಟು 2016ರಲ್ಲಿ ಮಾರ್ಗಸೂಚಿಗಳನ್ನು ಜಾರಿಗೆ ತಂದಿತು, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅದು ಕಾನೂನೇ ಆಯಿತು. ನನ್ನ ಮಕ್ಕಳಿಗೆ, ಅಂದರೆ ಶಾಲೆಯ ಮಕ್ಕಳಿಗೆ, ನಾನು ಇದನ್ನು ಪಠ್ಯದಲ್ಲಿಲ್ಲದಿದ್ದರೂ ಹೇಳುತ್ತೇನೆ. ಗುಂಡಿ ಒತ್ತಿದರೂ ಕೊನೆಗೆ ಬರಬೇಕಾದದ್ದು ಒಬ್ಬ ಮನುಷ್ಯನೇ ತಾನೆ?

ಮಗಳಿಗೆ ಈ ವಾದ ಹಿಡಿಸಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಾರು ಕೊಂಡಾಗ ಆ ಆ್ಯಪನ್ನು ತನ್ನ ಮೊಬೈಲಿಗೂ ಹಾಕಿಕೊಂಡವಳು ಅವಳೇ. ಮೊದಮೊದಲು ನಮಗೆಲ್ಲ ಅದೊಂದು ಆಟ. “ಅಮ್ಮಾ, ಅಪ್ಪ ಈಗ ತುಂಗಾ ಸೇತುವೆ ಮೇಲಿದ್ದಾರೆ ನೋಡು” ಎಂದು ಅಲ್ಲಿಂದ ಅವಳು ವೀಕ್ಷಕ ವಿವರಣೆ ಕೊಡುವುದು, ನಾನು ನಗುವುದು. ಸ್ಟೆಂಟ್ ಹಾಕಿಸಿದ ಮೇಲೆ ಆಟ ಆಟವಾಗಿ ಉಳಿಯಲಿಲ್ಲ. “ಅಪ್ಪ, ಎಪ್ಪತ್ತು ದಾಟಿದ್ರಲ್ಲ, ಯಾಕೆ?” “ಅಪ್ಪ, ಕೊಪ್ಪದ ರಸ್ತೇಲಿ ಅರ್ಧ ಗಂಟೆ ನಿಂತಿದ್ರಲ್ಲ, ಎದೆ ಏನಾದ್ರೂ…?” ಎಂದು ಫೋನು. ಇವರು ನಿಂತದ್ದು ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ. ಆ ಸ್ನೇಹಿತರಿಗೆ ಮಾತು ಬಿದ್ದುಹೋಗಿದೆ. ಇವರು ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತು ಬರುತ್ತಾರೆ. ಅದನ್ನು ನನಗೂ ಹೇಳಿರಲಿಲ್ಲ. ಮಗಳಿಗೆ ಹೇಳಬೇಕಾಗಿ ಬಂತು. ಹೇಳಿದ ಮೇಲೆ, ಯಾಕೋ, ಅವರು ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಸ್ಕೂಟರಿನಲ್ಲಿ.

ಇದರ ಬೆಲೆ ಯಾವ ರಸೀದಿಯಲ್ಲಿದೆ? ಮೂವತ್ತು ವರ್ಷದಿಂದ ಹಾಜರಿ ಕರೆಯುತ್ತಿರುವವಳು ನಾನು. ಹಾಜರಿ ಕರೆಯುವುದೆಂದರೆ ಒಂದು ಹೆಸರು ಕೂಗುವುದು, ಒಂದು ದನಿ ‘ಬಂದಿದ್ದೇನೆ’ ಎನ್ನುವುದು. ಹೇಳುವವನು ಅವನೇ. ಕಿಟಕಿಯ ಹಿಂದೆ ನಿಂತು ತಲೆ ಎಣಿಸುವುದು ಹಾಗಲ್ಲ. ಸಂಖ್ಯೆ ಒಂದೇ ಬಂದೀತು, ಮಕ್ಕಳು ಒಂದೇ ಆಗಿರುವುದಿಲ್ಲ. ನಮ್ಮ ಶಾಲೆಯಲ್ಲಿ ಕ್ಯಾಮೆರಾ ಹಾಕಿದ ಮೇಲೆ ಗಲಾಟೆ ಕಡಿಮೆಯಾಯಿತು, ನಿಜ. ಆದರೆ ಬಿದ್ದ ಪೆನ್ಸಿಲ್ ಎತ್ತಿಕೊಡುವ ಮೊದಲೂ ಮಕ್ಕಳು ಒಮ್ಮೆ ಮೇಲಕ್ಕೆ ನೋಡುವುದನ್ನು ಕಲಿತವು.

ಮೇಲಾಗಿ, ಕಿಟಕಿಯ ಹಿಂದೆ ನಿಂತವಳು ನಮ್ಮ ಮಗಳೊಬ್ಬಳೇ ಅಲ್ಲ. ಜನರಲ್ ಮೋಟಾರ್ಸ್ ತನ್ನ ಗ್ರಾಹಕರು ಹೇಗೆ ಬ್ರೇಕ್ ಹಾಕುತ್ತಾರೆ, ಎಷ್ಟು ಹೊತ್ತಿಗೆ ಓಡಾಡುತ್ತಾರೆ ಎಂಬ ವಿವರಗಳನ್ನು ಮಾಹಿತಿ ವ್ಯಾಪಾರಿಗಳಿಗೆ ಕೊಡುತ್ತಿದ್ದುದು 2024ರಲ್ಲಿ ಬಯಲಾಯಿತು. ಅಲ್ಲಿಂದ ಅದು ವಿಮಾ ಕಂಪನಿಗಳಿಗೆ ತಲುಪಿ, ಕೆಲವರ ವಿಮೆಯ ಕಂತು ಏರಿತ್ತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಐದು ವರ್ಷ ಹಾಗೆ ಕೊಡಬಾರದೆಂಬ ಆದೇಶವನ್ನು ಮುಂದಿಟ್ಟಿತು. ಮೊಜಿಲ್ಲಾ ಪ್ರತಿಷ್ಠಾನ 2023ರಲ್ಲಿ 25 ಕಾರು ಕಂಪನಿಗಳ ಗೋಪ್ಯತೆಯ ನಿಯಮಗಳನ್ನು ಪರೀಕ್ಷಿಸಿತು, ಇಪ್ಪತ್ತೈದೂ ನಪಾಸು. ನಾನು ಕೂಡ ಇಷ್ಟು ಕಟ್ಟುನಿಟ್ಟಾಗಿ ಉತ್ತರಪತ್ರಿಕೆ ತಿದ್ದಿದವಳಲ್ಲ! ದುಡ್ಡು ಕೊಟ್ಟು ಪತ್ರಿಕೆ ತರಿಸಿಕೊಂಡರೆ, ನಾನು ಯಾವ ಪುಟ ಎಷ್ಟು ಹೊತ್ತು ಓದಿದೆನೆಂದು ಪತ್ರಿಕೆಯೇ ಸಂಪಾದಕರಿಗೆ ವರದಿ ಮಾಡಿ, ಆ ವರದಿಯನ್ನು ಅವರು ಕಿರಾಣಿ ಅಂಗಡಿಗೆ ಮಾರಿದಂತಾಯಿತು ಇದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮೊಕದ್ದಮೆ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾದವರಿಗೆ ಗುಟ್ಟೇನಿರುತ್ತದೆ ಎಂದು ಕೇಳುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ದೀಪಾವಳಿಗೆ ಮಗಳು ಬಂದಾಗ ಊಟದ ಎಲೆಯ ಮುಂದೆಯೇ ಈ ಮಾತು ಬಂತು. ಇವರು ಬೇಡವೇ ಬೇಡ ಎಂದರು. ಅವಳು ಹಣ ತಾನು ಕಟ್ಟುತ್ತೇನೆ ಎಂದಳು. “ಹಣದ ಮಾತಲ್ಲ ಪುಟ್ಟಿ, ನಾನೇನು ಓಡಿಹೋಗುವ ಎಮ್ಮೆಯೇ, ಕೊರಳಿಗೆ ಗಂಟೆ ಕಟ್ಟೋದಕ್ಕೆ?” ಎಂದರು ಇವರು. ಅವಳು ತುತ್ತು ಕೆಳಗಿಟ್ಟಳು. “ನಿಮಗೋಸ್ಕರ ಅಲ್ಲ ಅಪ್ಪ, ನನ್ನ ನಿದ್ದೆಗೋಸ್ಕರ” ಎಂದಳು. ಪಲ್ಯ ಬಡಿಸುತ್ತಿದ್ದ ನನ್ನ ಕೈ ನಿಂತಿತು. ಅದಕ್ಕೆ ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಹದಿನೈದು ವರ್ಷದ ಹಿಂದೆ ಅವಳು ಹಾಸ್ಟೆಲಿನಲ್ಲಿದ್ದಾಗ, ರಾತ್ರಿ ಒಂಬತ್ತಕ್ಕೆ ಫೋನು ಬರದಿದ್ದರೆ ನಿದ್ದೆಗೆಡುತ್ತಿದ್ದವಳು ನಾನೇ. ಅಂದು ಇಂಥದೊಂದು ಯಂತ್ರ ಸಿಕ್ಕಿದ್ದರೆ ನಾನು ಬೇಡವೆನ್ನುತ್ತಿದ್ದೆನೇ? ಆಣೆ ಮಾಡಿ ಹೇಳಲಾರೆ.

ಆದರೂ ನನ್ನ ತೀರ್ಪು ಹೇಳಬೇಕಷ್ಟೆ. ಅವಳ ನಿದ್ದೆ ದೊಡ್ಡದು. ಆದರೆ ಆ ನಿದ್ದೆಯ ಬೆಲೆಯನ್ನು ತೆರುವವಳು ಅವಳಲ್ಲ, ಇವರು. ಸ್ನೇಹಿತನ ಮನೆಯ ಅರ್ಧ ಗಂಟೆಯಿಂದ ತೆತ್ತಿದ್ದಾರೆ. ಆಪತ್ತಿನ ಗುಂಡಿಗೆ ನಾನು ಹಣ ಕಟ್ಟುತ್ತೇನೆ, ಅದು ಉಚಿತವಾಗಿ ಸಿಗಬೇಕಾದದ್ದೆಂದು ಗೊಣಗುತ್ತಲೇ ಕಟ್ಟುತ್ತೇನೆ. ಉಳಿದದ್ದಕ್ಕೆ ಪುಕ್ಕಟೆ ಕೊಟ್ಟರೂ ಬೇಡ. ಗುಂಡಿ ಮಾತ್ರ ಕೊಡಿ, ಬೇಹುಗಾರಿಕೆ ಬೇಡ ಎಂದು ಕಂಪನಿಗೆ ಬರೆದೆ. ಎರಡನ್ನೂ ಬೇರೆಮಾಡಿ ಕೊಡುವ ಯೋಜನೆ ತಮ್ಮಲ್ಲಿ ಇಲ್ಲವೆಂದು ನಯವಾಗಿ ಉತ್ತರಿಸಿದರು. ಕೊನೆಗೆ ಒಂದು ವರ್ಷಕ್ಕೆ ಕಟ್ಟಿದೆವು. ಆ್ಯಪ್ ಇವರ ಮೊಬೈಲಿನಲ್ಲಿ ಮಾತ್ರ ಇರಲಿ, ಮಗಳ ಮೊಬೈಲಿನಿಂದ ತೆಗೆಯುವುದು, ಘಾಟಿಗೆ ಮುಂಚೆ ಆಗುಂಬೆಯಿಂದ ಒಮ್ಮೆ, ಇಳಿದ ಮೇಲೆ ಸೋಮೇಶ್ವರದಿಂದ ಒಮ್ಮೆ ಇವರೇ ಫೋನು ಮಾಡುವುದು ಎಂದು ಒಪ್ಪಂದವಾಯಿತು. ಅವಳು ಮುಖ ಸಣ್ಣ ಮಾಡಿಕೊಂಡೇ ತೆಗೆದಳು.

ಡಿಸೆಂಬರಿನಲ್ಲಿ ಇವರು ತಪಾಸಣೆಗೆ ಹೊರಟರು. ಆಗುಂಬೆಯಿಂದ ಫೋನು ಬಂತು. ಸೋಮೇಶ್ವರದಿಂದ ಬರಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಭಾನುವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ಮಗಳು ನಾಲ್ಕು ಸಲ ಫೋನು ಮಾಡಿದಳು. ನಾಲ್ಕನೆಯ ಸಲ ಇಬ್ಬರೂ ಇಡಲಿಲ್ಲ, ಮಾತೂ ಆಡಲಿಲ್ಲ. ಅವಳ ಮನೆಯ ಫ್ಯಾನಿನ ಸದ್ದು ನನಗೆ ಕೇಳುತ್ತಿತ್ತು. ‘ನಾನು ಹೇಳಿರಲಿಲ್ಲವಾ’ ಎಂದು ಅವಳು ಅನ್ನಲಿಲ್ಲ, ಅದಕ್ಕೆ ಅವಳಿಗೆ ನಾನು ಋಣಿ. ಅಷ್ಟರಲ್ಲಿ ಅವಳ ಫೋನಿಗೆ ಇನ್ನೊಂದು ಕರೆ ಬಂತು. ಮೂವರನ್ನೂ ಜೋಡಿಸಿದಳು.

“ಹೆಬ್ರಿಗೆ ಬಂದೆ. ಘಾಟಿ ಕೆಳಗೆ ಸಿಂಗಳೀಕದ ಹಿಂಡು ಇತ್ತು ಮಾರಾಯ್ತಿ, ಗಾಡಿ ಬದಿಗೆ ಹಾಕಿ ನೋಡ್ತಾ ನಿಂತುಬಿಟ್ಟೆ. ಫೋನು ಮರೆತೇಹೋಯ್ತು” ಎಂದರು ಇವರು.

ಅವಳು ಒಂದು ಕ್ಷಣ ಸುಮ್ಮನಿದ್ದಳು. ಮೂಗು ಏರಿಸಿದ ಸದ್ದು ಕೇಳಿತು.

“ಮರಿ ಇತ್ತಾ ಅಪ್ಪ?”

“ಎರಡು” ಎಂದರು.